ಪ್ರಳಯಾನಂತರದ ಮಳೆಯನ್ನು ಅಳೆಯತಕ್ಕ ಕ್ರಮ

ಚಳ್ಳಕೆರೆ
4 ನವೆಂಬರ್ 2024

ಶ್ರೀಮತ್ ಸಮಸ್ತ ಕುರಿಮಂದೆ ಸಾರ್ವಭೌಮ, ಜಾಲಿಮುಳ್ಳು ಮರ್ದನ, ಬಂಡೆಗಲ್ಲು ಸಿಂಹಾಸನಾಧೀಶ್ವರ, ತೋಳನ ಎದೆಯೊಳಗಿನ ಗುಡುಗು, ಸಿದ್ದಾಪುರ ಸೀಮೆಯ ಮೂರು ದಾರಿ ಮತ್ತು ಒಂದೂವರೆ ಬಸ್ಸಿಗೆ ಒಡೆಯರಾದ ಶ್ರೀ ಶ್ರೀ ಶ್ರೀ ಮಹಾಂತೇಶ ಮಹಾಪ್ರಭುಗಳ ದಿವ್ಯ ಪಾದುಕೆಗಳಿಗೆ (ಎಡಗಾಲಿನದರ ಉಂಗುಟ ಕಿತ್ತಿತ್ತು, ನನಗೆ ನೆನಪಿದೆ) ಚಳ್ಳಕೆರೆ ಎಣ್ಣೆ ಮಿಲ್ಲಿನ ಜಯದೇವಪ್ಪನವರ ಏಕೈಕ ಹಾಗೂ ನಿರುಪಯುಕ್ತ ಪುತ್ರ ಸಿದ್ದಲಿಂಗೇಶನು ಸಾಷ್ಟಾಂಗವೆರಗಿ ಮಾಡುವ ಅರಿಕೆ.

ಇತ್ತ ಕ್ಷೇಮ. ಅತ್ತ ಹೇಗೋ ತಿಳಿಯದು. ತಾವು ಹದಿನೈದು ತಿಂಗಳಿನಿಂದ ನನ್ನ ಫೋನ್ ಎತ್ತಿಲ್ಲ.

ತಮ್ಮ ಗಮನಕ್ಕೆ ತರಬೇಕಾದ ಸಂಗತಿಯೆಂದರೆ, ಕಳೆದ ಗುರುವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಲೋಕ ಮುಗಿಯಿತು. ದೀಪಾವಳಿ ಪಟಾಕಿಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಉಳಿದವರು ನಲವತ್ತೊಂದು ಜನ. ನಾವೆಲ್ಲ ಸೇರಿ 'ಪ್ರಳಯೋತ್ತರ ಉಳಿದವರ ಸಂಘ' ಕಟ್ಟಿಕೊಂಡಿದ್ದೇವೆ.

ಹುಬ್ಬು ಗಂಟಿಕ್ಕಬೇಡಿ. ಹೊರದೇಶಗಳಲ್ಲಿ ಇಂಥ ಆಟ ಆಡುವವರಿದ್ದಾರೆ. ನಾಟಕದಂತೆಯೇ, ಆದರೆ ರಂಗಸ್ಥಳವಿಲ್ಲ, ಪರದೆಯಿಲ್ಲ, ನೋಡುವವರಿಲ್ಲ. ಬಂದವರೆಲ್ಲ ಪಾತ್ರಧಾರಿಗಳು. ಮಾತು ಯಾರೂ ಬರೆದುಕೊಡುವುದಿಲ್ಲ. ಲೋಕ ಮುಗಿದಿದೆ, ನಾವಷ್ಟೇ ಉಳಿದಿದ್ದೇವೆ ಎಂದು ನಂಬಿ, ಹರಕು ಬಟ್ಟೆ ತೊಟ್ಟು, ಬೆಳಗಿನಿಂದ ಸಂಜೆಯವರೆಗೆ ಹಾಗೆಯೇ ಬದುಕಬೇಕು. ನಾವು ಪ್ರತಿ ತಿಂಗಳ ಎರಡನೇ ಭಾನುವಾರ ದೊಡ್ಡಉಳ್ಳಾರ್ತಿ ಕಾವಲಿನಲ್ಲಿ, ಆ ಹುಲ್ಲುಬಯಲಿನ ಒಂಟಿ ಬಂಡೆಯ ಪಕ್ಕ, ಸೇರುತ್ತೇವೆ.

ಸಂಘದ ಕಟ್ಟುನಿಟ್ಟಾದ ನಿಯಮವೆಂದರೆ, ಪ್ರಳಯದ ನಂತರ ಫೋನ್ ಇರುವುದಿಲ್ಲ. ಎಲ್ಲ ವ್ಯವಹಾರವೂ ಕಾಗದದಲ್ಲಿ. ಆದ್ದರಿಂದ ಮೊಳಕಾಲ್ಮೂರು ಬಸ್ಸಿನ ಕಂಡಕ್ಟರ್ ಹನುಮಣ್ಣನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಬೇರೆ ಕಾರಣವೇನೂ ಇಲ್ಲ.

ನಲವತ್ತೊಂದು ಜನರಲ್ಲಿ ಒಬ್ಬನಿಗೂ ಕಾವಲಿನಲ್ಲಿ ನೀರು ಎಲ್ಲಿ ಸಿಗುತ್ತದೆ, ಯಾವ ಸೊಪ್ಪು ತಿಂದರೆ ಸಾಯುತ್ತಾರೆ ಎಂದು ಗೊತ್ತಿಲ್ಲ. ಭೂಮಿ ಬಲ್ಲ ಒಬ್ಬರು ಬೇಕು. ಮಾನವಕುಲ ತಮ್ಮ ದಾರಿ ಕಾಯುತ್ತಿದೆ.

ಇಂತಿ ತಮ್ಮ ಪಾದಧೂಳಿಯಲ್ಲಿ ಸೀನುತ್ತಿರುವ,
ಸಿದ್ದಲಿಂಗೇಶ
ಪ್ರಧಾನ ಕಾರ್ಯದರ್ಶಿ (ಉಳಿದಿರುವಷ್ಟು ಕಾಲ)


ಸಿದ್ದಾಪುರ
13 ನವೆಂಬರ್ 2024

ಸಿದ್ದಲಿಂಗೇಶ,

ಕಾಗದ ತಲುಪಿತು. ಮೊಳಕಾಲ್ಮೂರಿಗೆ ಕಾಲೇಜಿಗೆ ಹೋಗುವ ನನ್ನ ತಂಗಿ ಸ್ವಪ್ನಳ ಕೈಗೆ ಹನುಮಣ್ಣ ಕೊಟ್ಟನಂತೆ.

ನಿನ್ನ ಹಿಂದಿನ ಕಾಗದವೂ ನಮ್ಮ ಮನೆಯಲ್ಲೇ ಇದೆ. "ಮಳೆಮಾಪನ ಸಹಾಯಕ ಹುದ್ದೆಗೆ ತಮ್ಮನ್ನು ಸಂತೋಷಪೂರ್ವಕವಾಗಿ ಆಯ್ಕೆ ಮಾಡಲಾಗಿದ್ದು, ಸ್ವಂತ ಚೊಂಬಿನೊಂದಿಗೆ ಚಿತ್ರದುರ್ಗಕ್ಕೆ ಹಾಜರಾಗತಕ್ಕದ್ದು." ನೆನಪಿದೆಯಾ? ಹೋದ ವರ್ಷ ಆಗಸ್ಟಿನಲ್ಲಿ, ಆಕಾಶದಲ್ಲಿ ಒಂದು ತುಂಡು ಮೋಡವೂ ಇಲ್ಲದಾಗ ಬರೆದದ್ದು. ಅಪ್ಪ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಫೋಟೋ ಹಿಂದೆ ಇಟ್ಟಿದ್ದಾನೆ. ಊರಲ್ಲಿ ನನ್ನ ಹೆಸರು ಈಗ ಮಹಾಂತೇಶ ಅಲ್ಲ, ಚೊಂಬು ಸಾಹೇಬ.

ನಿನ್ನ ಪ್ರಳಯ ನಿನ್ನ ಹತ್ತಿರವೇ ಇರಲಿ. ಇನ್ನು ಬರೆಯಬೇಡ.

ಈ ಹಾಳೆಯ ಹಿಂಭಾಗದಲ್ಲಿರುವುದು ಕುರಿ ಔಷಧಿಯ ಚೀಟಿ. ಬೇರೆ ಹಾಳೆ ಸಿಗಲಿಲ್ಲ. ಅದಕ್ಕೆ ಉತ್ತರ ಬೇಕಿಲ್ಲ.

ಮಹಾಂತೇಶ


ಚಳ್ಳಕೆರೆ
18 ನವೆಂಬರ್ 2024

ಮಹಾಪ್ರಭುಗಳ ಸನ್ನಿಧಾನಕ್ಕೆ, ಮೂರು ಹೆಜ್ಜೆ ಹಿಂದೆ ಸರಿದು,

ಹಾಳೆಯ ಹಿಂಭಾಗಕ್ಕೆ ಉತ್ತರ ಬೇಡವೆಂದಿದ್ದೀರಿ. ಮುಂಭಾಗಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದ್ದರಿಂದ ಹಿಂಭಾಗಕ್ಕೇ ಬರೆಯುತ್ತೇನೆ. ಜಂತುಹುಳುವಿನ ಔಷಧಿ ಮೂವತ್ತು ಕುರಿಗೆ ಒಂದು ಬಾಟಲಿ ಸಾಲದು, ಎರಡು ತರಬೇಕು. ನಮ್ಮ ಮಿಲ್ಲಿನ ಎದುರಿನ ಔಷಧಿ ಅಂಗಡಿಯಲ್ಲಿ ವಿಚಾರಿಸಿದೆ. "ನಿಮ್ಮನೇಲಿ ಕುರಿ ಯಾವಾಗ ಬಂದ್ವು?" ಎಂದರು. "ಬಂದಿಲ್ಲ, ಹೋಗ್ಯವೆ" ಎಂದೆ.

ಇನ್ನು ಸಂಘದ ಸಮಾಚಾರ. ನಿನ್ನೆಯ ವಿಶೇಷ ಸಭೆಗೆ ಮೂವತ್ತೆಂಟು ಸದಸ್ಯರೂ ಹಾಜರಿದ್ದರು. ಪ್ರಳಯದ ನಂತರ ಚಹಾ ಇರಬಹುದೇ ಎಂಬ ಪ್ರಶ್ನೆಯ ಮೇಲೆ ಎರಡೂವರೆ ಗಂಟೆ ಚರ್ಚೆ ನಡೆದು, ಚಹಾ ಇರಬಹುದು, ಬಿಸ್ಕತ್ತು ಇರಬಾರದು ಎಂದು ತೀರ್ಮಾನವಾಯಿತು. ನನ್ನ ದೊಡ್ಡಪ್ಪನ ಮಗ ಅಮರೇಶ ಕ್ರೂರ ದರೋಡೆಕೋರನ ಪಾತ್ರ ಕೇಳಿದ್ದಾನೆ. ಕಾಲೇಜಿನಲ್ಲಿ ಭೂಗೋಳ ಹೇಳುವ ಐಶ್ವರ್ಯ ಮೇಡಂ ವೈದ್ಯೆ. ಲೋಕದ ಹಳೆಯ ಕಾಲದಿಂದ ಉಳಿಸಿಕೊಂಡ ಒಂದೇ ಒಂದು ವಸ್ತುವನ್ನು ಪ್ರತಿಯೊಬ್ಬರೂ ತರಬೇಕೆಂಬ ನಿಯಮವೂ ಆಗಿದೆ.

ತಮ್ಮನ್ನು 'ಭೂಮಿ ಬಲ್ಲವರು' ಎಂಬ ಹುದ್ದೆಗೆ ಸರ್ವಾನುಮತದಿಂದ ಆರಿಸಿರುವ ಆಜ್ಞಾಪತ್ರ ಇದರೊಂದಿಗಿದೆ. ದುಂಡು ಮೊಹರು ಹಾಕಿದೆ. ಕಣ್ಣು ಕಿರಿದು ಮಾಡಿ ನೋಡಿದರೆ ಮೊಹರಿನಲ್ಲಿ 'ಶುದ್ಧ ಕಡಲೆಕಾಯಿ ಎಣ್ಣೆ' ಎಂದು ಕಾಣಬಹುದು. ನೋಡಬೇಡಿ.

ಆ ಹಳೆಯ ಕಾಗದದ ಬಗ್ಗೆ ಒಂದೇ ಮಾತು. 'ಸ್ವಂತ ಚೊಂಬಿನೊಂದಿಗೆ' ಎಂಬಲ್ಲಿಗೆ ಬಂದಾಗ ನೀನು ನಕ್ಕು, ಬೈಯಲು ಫೋನ್ ಮಾಡುತ್ತೀ ಎಂದುಕೊಂಡಿದ್ದೆ. ಎರಡು ದಿನ ಫೋನ್ ಪಕ್ಕದಲ್ಲೇ ಕೂತಿದ್ದೆ.

ಇಂತಿ,
ಸಿದ್ದಲಿಂಗೇಶ


ಸಿದ್ದಾಪುರ
15 ಡಿಸೆಂಬರ್ 2024

ಸಿದ್ದಣ್ಣನಿಗೆ ಸ್ವಪ್ನ ಮಾಡುವ ನಮಸ್ಕಾರಗಳು.

ಅಣ್ಣ ಉತ್ತರ ಬರೆಯುವುದಿಲ್ಲವಂತೆ. ನಿಮ್ಮ ಕಾಗದ ಓದಿ ನಗಲೂ ಇಲ್ಲ. ಆದರೆ ಮಡಚಿ ಜೇಬಿಗಿಟ್ಟುಕೊಂಡು ಕುರಿ ಜೊತೆ ಹೋದ. ಸಂಜೆ ತಂದಾಗ ಅದರ ಮಡಿಕೆಗಳು ಹರಿದಿದ್ದವು. ಒಂದು ಸಲ ಓದಿದ ಕಾಗದ ಹಾಗೆ ಹರಿಯುವುದಿಲ್ಲ ಅಲ್ಲವಾ?

ಅಣ್ಣ ಚಳ್ಳಕೆರೆಗೆ ಬರುವುದು ಬಿಟ್ಟಿದ್ದಾನೆ. ಕಂಬಳಿ ಮಾರಲೂ ಅಪ್ಪನನ್ನೇ ಕಳಿಸುತ್ತಾನೆ. ಬಸ್ಸಿನಲ್ಲಿ ಯಾರಾದರೂ ಚೊಂಬು ಹಿಡಿದು ಹತ್ತಿದರೆ ಇಳಿದುಬಿಡುತ್ತಾನೆ.

ಕಾಗದವನ್ನು ನಾನು ಮನೆಯಲ್ಲಿ ಓದಿ ಹೇಳಿದೆ. ಅಜ್ಜಿ ಬೋರಕ್ಕ ಒಂದು ಪ್ರಶ್ನೆ ಬರೆಸಿದ್ದಾಳೆ: "ಪ್ರಳಯ ಆದ್ಮ್ಯಾಲೂ ಸೊಸೈಟಿ ಅಕ್ಕಿ ಕೊಡ್ತಾರಾ ಕೇಳೇ. ಹೆಬ್ಬೆಟ್ಟು ಯಾರ ತಾವ ಒತ್ತಬೇಕು?"

ನನ್ನದೂ ಒಂದು ಪ್ರಶ್ನೆ. ಮೊದಲ ಕಾಗದದಲ್ಲಿ ಸದಸ್ಯರು ನಲವತ್ತೊಂದು. ಎರಡನೆಯದರಲ್ಲಿ ಮೂವತ್ತೆಂಟು "ಸದಸ್ಯರೂ". ಮೂವರು ಸತ್ತರಾ, ಅಥವಾ ಇರಲೇ ಇಲ್ಲವಾ?

ಒಂದು ತಪ್ಪು ಮಾಡಿದ್ದೇನೆ ಸಿದ್ದಣ್ಣ. ಆ ಮೊಹರು ಹಾಕಿದ ಹಾಳೆಯನ್ನೂ ಓದಿಬಿಟ್ಟೆ. ಅಪ್ಪ ಎದ್ದು ಬಂದು ಮೊಹರನ್ನು ಮುಟ್ಟಿ ನೋಡಿದ. ಆಮೇಲೆ ಮಾಳಿಗೆ ಹತ್ತಿದ. ಯಾಕೆ ಎಂದು ಅಣ್ಣನನ್ನೇ ಕೇಳಿ.

ನಿಮ್ಮ ತಂಗಿ,
ಸ್ವಪ್ನ


ಸಿದ್ದಾಪುರ
2 ಜನವರಿ 2025

ಲೇ ಸಿದ್ದ,

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಕೆಡುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ನನಗೆ ಮೋಸ ಮಾಡಿದೆ ಅಂತ ತಿಳಿದಿದ್ದೀಯ. ಇಲ್ಲ. ಆವತ್ತು ಎರಡನೇ ಸಾಲಿನಲ್ಲೇ ನಿನ್ನ ಕೈವಾಡ ಗೊತ್ತಾಯಿತು. ಸರಕಾರ ಯಾವತ್ತೂ ಅಷ್ಟು ಮರ್ಯಾದೆಯಿಂದ ಬರೆಯುವುದಿಲ್ಲ. ಆದರೆ ಕಾಗದ ಮೊದಲು ಸಿಕ್ಕಿದ್ದು ಅಪ್ಪನಿಗೆ. ನಾನು ಕುರಿ ಹೊಡೆದುಕೊಂಡು ಮನೆಗೆ ಬರುವಷ್ಟರಲ್ಲಿ ಟೀ ಅಂಗಡಿಯಲ್ಲಿ ಓದಿಸಿ, ಊರಿಗೆಲ್ಲ ಮಂಡಕ್ಕಿ ಬೆಲ್ಲ ಹಂಚಿ, ಅವ್ವನ ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತಿದ್ದ. "ಮಾಂತ, ನೋಡಲಾ, ಮುಖ ಕಾಣ್ತೈತೆ" ಅಂದ. ಏನು ಹೇಳಲಿ ಹೇಳು. ಮಾರನೇ ದಿನ ಸುಮ್ಮನೆ ಜೊತೆಗೆ ಹೋದೆ.

ದುರ್ಗದ ಆಫೀಸಿನಲ್ಲಿ ಒಬ್ಬ ವಯಸ್ಸಾದ ಗುಮಾಸ್ತ ಕಾಗದ ಓದಿದ. ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಚೊಂಬು ನೋಡಿದ. ನಗಲಿಲ್ಲ. "ಯಜಮಾನ್ರೆ, ಈಗ ಮಳೆ ಇಲ್ಲ. ಬಂದಾಗ ಅಳೆದು ಗುರುತು ಇಟ್ಟಿರಿ. ಬೇಕಾದಾಗ ಕರೀತೀವಿ" ಅಂದ. ಅವನೂ ನಿನ್ನ ಥರವೇ ಸುಳ್ಳ, ಆದರೆ ಒಳ್ಳೆಯ ಸುಳ್ಳ.

ಆವತ್ತಿನಿಂದ ಅಪ್ಪ ಅಳೆಯುತ್ತಿದ್ದಾನೆ. ಚೊಂಬು ಮಾಳಿಗೆ ಮೇಲಿದೆ. ಮಳೆ ನಿಂತ ಮೇಲೆ ಹತ್ತಿ, ಬೆರಳು ಅದ್ದಿ ನೋಡಿ, ಒಂದು ಹೊಂಗೆ ಕೋಲಿನ ಮೇಲೆ ಕುಡುಗೋಲಿನಿಂದ ಗೀಟು ಹಾಕುತ್ತಾನೆ. ಒಂದು ಬೆರಳಿಗೆ ಸಣ್ಣ ಗೀಟು, ಎರಡು ಬೆರಳಿಗೆ ಉದ್ದದ್ದು. ಆ ವರ್ಷ ಆರೇ ಗೀಟು. ಈಗ ಮುಗಿದ ವರ್ಷ ಮೂವತ್ತೊಂದು. ಕರೆ ಬರುತ್ತದೆ ಅಂತ ಕಾಯುತ್ತಿದ್ದಾನೆ.

ಈಗ ನಿನ್ನ ಮೊಹರು ಬಂತು. ಅದೇ ಆ ಕರೆ ಅಂದುಕೊಂಡಿದ್ದಾನೆ. ಪಂಚೆ ಒಗೆಸಿದ್ದಾನೆ.

ಎರಡನೇ ಭಾನುವಾರ ಹನ್ನೆರಡನೇ ತಾರೀಕು. ನಾವಿಬ್ಬರೂ ಬರುತ್ತೇವೆ. ಅಲ್ಲಿ ನಿನ್ನ ಸಂಘ ಇರಬೇಕು. ನನಗೋಸ್ಕರ ಅಲ್ಲ. ಖಾಲಿ ಕಾವಲಿನಲ್ಲಿ ಅಪ್ಪ ಇನ್ನೊಂದು ಸಲ ಚೊಂಬು ಹಿಡಿದು ನಿಂತರೆ, ಮಹಾಂತೇಶ ಅನ್ನುವವನೊಬ್ಬ ನಿನಗೆ ಪರಿಚಯವೇ ಇರಲಿಲ್ಲ ಅಂದುಕೋ.

ಮಹಾಂತೇಶ


ಚಳ್ಳಕೆರೆ
5 ಜನವರಿ 2025

ಶ್ರೀ ಶ್ರೀ ಮಹಾಂತೇಶರಿಗೆ (ಅವಸರದಲ್ಲಿ ಒಂದು ಶ್ರೀ ಬಿಟ್ಟುಹೋಗಿದೆ),

ಪ್ರಳಯದ ಧೂಳು ಇನ್ನೂ ಸಂಪೂರ್ಣವಾಗಿ ಇಳಿಯದ ಕಾರಣ, ಹಾಗೂ ಕ್ರೂರ ದರೋಡೆಕೋರನಿಗೆ ನೆಗಡಿಯಾಗಿರುವ ಕಾರಣ, ಜನವರಿಯ ಕೂಟವನ್ನು ಫೆಬ್ರವರಿ ಒಂಬತ್ತಕ್ಕೆ ಮುಂದೂಡಲಾಗಿದೆ. ಸಂಘ ಖಂಡಿತ ಇದೆ. ಇರುತ್ತದೆ. ಇರತಕ್ಕದ್ದು.

ನಿಮ್ಮ ತಂದೆಯವರಿಗೆ ಮೆಣಸಿನಕಾಯಿ ಬಜ್ಜಿ ಆಗುತ್ತದೆಯೇ? ಖಾರ ಎಷ್ಟು?

ಅಜ್ಜಿಗೆ ತಿಳಿಸಿ: ಪ್ರಳಯದ ನಂತರ ಹೆಬ್ಬೆಟ್ಟು ಕೇಳುವುದಿಲ್ಲ.

ನಿನ್ನ ಕಾಗದ ಓದಿದೆ. ಆಮೇಲೆ ಮಿಲ್ಲಿಗೆ ಹೋಗಿ ಸುಮ್ಮನೆ ಕೂತೆ. "ಯಾಕಲೇ, ಹುಷಾರಿಲ್ವಾ? ಇಷ್ಟೊತ್ತಾದ್ರೂ ಯಾರಿಗೂ ಕೀಟಲೆ ಮಾಡಿಲ್ಲ" ಎಂದು ಅಪ್ಪಾಜಿ ಹಣೆ ಮುಟ್ಟಿ ನೋಡಿದರು.

ಸಿ.


ಸಿದ್ದಾಪುರ
9 ಜನವರಿ 2025

ಒಂಬತ್ತು ಅಂದರೆ ಒಂಬತ್ತು. ಆಮೇಲೆ ಧೂಳಿನ ಕಥೆ ಬೇಡ.

ಅಪ್ಪನಿಗೆ ಖಾರ ಜಾಸ್ತಿಯೇ ಬೇಕು.

ಮ.


ಸಿದ್ದಾಪುರ
14 ಫೆಬ್ರವರಿ 2025

ಲೇ ಸಿದ್ದ,

ಭಾನುವಾರ ನೀನೂ ಅಲ್ಲೇ ಇದ್ದೆ. ಆದರೆ ನಿನ್ನ ಮುಖ ನೀನು ನೋಡಿಕೊಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒಂದು ಪ್ರತಿ ಸ್ವಪ್ನಳಿಗೆ. ಪರೀಕ್ಷೆ ಅಂತ ಅವಳನ್ನು ಬಿಟ್ಟು ಬಂದದ್ದಕ್ಕೆ ಇನ್ನೂ ಮುನಿಸಿಕೊಂಡಿದ್ದಾಳೆ.

ಬಸ್ಸಿಳಿದು ಕಾವಲಿನ ದಾರಿ ಹಿಡಿದೆವು. ಅಪ್ಪ ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಕಂಬಳಿ ಹಾಕಿ, ಕೈಚೀಲದಲ್ಲಿ ಚೊಂಬು ಇಟ್ಟುಕೊಂಡು, ಗೀಟಿನ ಕೋಲನ್ನು ಊರಿಕೊಳ್ಳದೆ ಎತ್ತಿ ಹಿಡಿದು ನಡೆಯುತ್ತಿದ್ದ. ಒಂಟಿ ಬಂಡೆ ಕಂಡಿತು. ಪಕ್ಕದಲ್ಲಿ ಜನ ಕಂಡರು. ಎಣಿಸಿದೆ. ನಲವತ್ತೊಂದಲ್ಲ, ಹತ್ತೊಂಬತ್ತು. ಆದರೂ ಒಂದು ಉಸಿರು ಹೊರಗೆ ಬಂತು.

ಅಪ್ಪ ಮಾತ್ರ ನಿಂತುಬಿಟ್ಟ. ಎಲ್ಲರ ಬಟ್ಟೆ ಹರಿದಿದೆ, ಮೈಗೆ ಬೂದಿ. "ಏನಲಾ ಮಾಂತ ಇದು? ಪಾಪ, ಯಾರ ಮನಿ ಸುಟ್ಟೋತು?" ಅಂದ.

ಮೊದಲು ಎದುರಾದವರು ನಿಮ್ಮಪ್ಪ. ತೂತು ಬನಿಯನ್ನು, ಕೆನ್ನೆಗೆ ಮಸಿ, ಕೈಯಲ್ಲಿ ಮಾತ್ರ ಫಳಫಳ ಹೊಳೆಯುವ ವಾಚು. ನಾನು ವಾಚನ್ನೇ ನೋಡುವುದು ಕಂಡು, "ಪ್ರಳಯ ಆದ್ರೂ ಊಟದ ಟೈಮ್ ಗೊತ್ತಾಗ್ಬೇಕಲ್ಲಪ್ಪ" ಅಂದರು. ಅಮರೇಶ ಸೈಕಲ್ ಟೈರನ್ನು ಕೊರಳಿಗೆ ಮಾಲೆಯಂತೆ ಹಾಕಿಕೊಂಡು ಬಂಡೆ ಮರೆಯಿಂದ ಹಾರಿ, "ನಾನು ಈ ಕಾವಲಿನ ಕ್ರೂರ ದರೋಡೆಕೋರ! ಇರೋದೆಲ್ಲ ಕೆಳಗಿಡು!" ಅಂತ ಗುಡುಗಿದ. ಅಪ್ಪನ ನರೆ ತಲೆ ನೋಡಿ, "ಬರ್ರಿ ಮಾವ, ನೆರಳಿಗೆ ಕೂತ್ಕಳ್ರಿ, ಬಿಸಿಲೈತೆ" ಅಂದ. ಆಟ ಸರಿಯಾಗಿ ಆಡಿದವರು ಐಶ್ವರ್ಯ ಮೇಡಂ ಒಬ್ಬರೇ. ನೀರು ಕೇಳಿದರೆ ಕಣ್ಣು ಮಿಟುಕಿಸದೆ, "ನೀರಿಲ್ಲ. ಭೂಮಿಯ ಕೊನೆಯ ಬಾವಿಯೂ ವಿಷವಾಗಿದೆ" ಅಂದರು. ಅವರ ಬೆನ್ನ ಹಿಂದೆ ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು.

ನೀನು ಗೋಣಿಚೀಲ ತೊಟ್ಟು ಬಂದೆ. "ಸ್ವಾಗತ, ಭೂಮಿ ಬಲ್ಲವರೇ" ಅಂದವನು ಅಪ್ಪನ ಕೈಚೀಲ ನೋಡಿ ಮಾತು ಮರೆತೆ. ಅಪ್ಪ ನನ್ನ ಕಿವಿಯಲ್ಲಿ, "ಇವನು ಎಣ್ಣೆ ಸಾವ್ಕಾರ್ರ ಮಗ ಅಲ್ವೇನಲಾ? ಇವನಿಗೂ ಬಂತಾ ಈ ಗತಿ?" ಅಂತ ಮರುಗಿದ.

ಅಷ್ಟರಲ್ಲಿ ಕುರಿ ಬಂದವು.

ಹುಲ್ಲಿನ ಮಧ್ಯೆ ನೀವು 'ಮಾನವಕುಲದ ಕೊನೆಯ ದಾಸ್ತಾನು' ಅಂತ ಬೋರ್ಡು ನೆಟ್ಟು, ಕೆಳಗೆ ಎಲೆಕೋಸು, ಕಡಲೆಕಾಯಿ, ಬಾಳೆಹಣ್ಣು ರಾಶಿ ಹಾಕಿದ್ದಿರಲ್ಲ, ಕುರಿ ಮೇಯುವ ಕಾವಲಿನಲ್ಲಿ ಎಲೆಕೋಸನ್ನು ನೆಲದ ಮೇಲೆ ಇಡುವ ಮನುಷ್ಯರು ನಿಜವಾಗಿಯೂ ಪ್ರಳಯದಲ್ಲಿ ಎರಡು ದಿನ ಬದುಕುವುದಿಲ್ಲ. ದೊಡ್ಡಉಳ್ಳಾರ್ತಿಯ ಕುರಿಗಾರ ಪಾತಣ್ಣನ ಮಂದೆ ನುಗ್ಗಿತು. ಎರಡೇ ನಿಮಿಷ. ಮಾನವಕುಲದ ದಾಸ್ತಾನು ಮುಗಿಯಿತು. ಒಂದು ಟಗರು ಬೋರ್ಡನ್ನೂ ತಿನ್ನಲು ನೋಡಿತು. ಕ್ರೂರ ದರೋಡೆಕೋರ ಬಂಡೆ ಹತ್ತಿದ್ದ. ನಿಮ್ಮಪ್ಪ ವಾಚು ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡಿದ್ದರು. ಮೇಡಂ ಒಬ್ಬರು ನಡುವೆ ನಿಂತು, "ಯಾರೂ ಪಾತ್ರ ಬಿಡಬೇಡಿ! ಪಾತ್ರ ಬಿಡಬೇಡಿ!" ಅಂತ ಕೂಗುತ್ತಿದ್ದರು.

ಅಪ್ಪ ನಾಲಿಗೆ ಮಡಚಿ ಒಂದು ಸಲ ಟ್ರ್ರ್ ಅಂದ. ಮಂದೆ ನಿಂತಿತು. ಆಮೇಲೆ ಪಾತಣ್ಣನ ಕಡೆ ತಿರುಗಿದ.

"ಏಮಪ್ಪಾ, ದಿಕ್ಕಿಲ್ಲದ ಮಂದಿ ಕೂಳಿಗೆ ಕುರಿ ಬಿಡ್ತೀಯಲ್ಲ. ಮಂದೆ ಮೇಯ್ದ್ರೆ ಹಾಲು ಕೊಡ್ಬೇಕು ಅನ್ನೋ ಪದ್ಧತಿ ನಿಮ್ ಸೀಮ್ಯಾಗೆ ಇಲ್ವಾ?"

"ಐತಣ್ಣ, ಯಾಕಿಲ್ಲ? ಆದ್ರೆ ಇವ್ರು ಯಾರು?"

"ಗೊತ್ತಿಲ್ಲಪ್ಪ. ಏನೋ ದೊಡ್ಡ ಕಷ್ಟ ಆಗೈತೆ. ಬಾಯಿ ಬಿಟ್ಟು ಹೇಳಾಕೂ ನಾಚ್ಕೆಂತಾರೆ."

ಪಾತಣ್ಣ ಮಂದೆಯಲ್ಲಿದ್ದ ಎರಡು ಆಡು ಹಿಡಿದು ಕೂತ. ಹಾಲು ಹಿಂಡಲು ಪಾತ್ರೆ ಬೇಕು. ಮೇಡಂ ಜೊತೆ ಬಂದ ಒಬ್ಬ ಹುಡುಗಿ ಅಪ್ಪನ ಕೈಚೀಲದಿಂದ ಚೊಂಬು ತೆಗೆದಳು. ಅಪ್ಪ ಬೆಚ್ಚಿ ಎದ್ದ.

"ಅದ್ರಾಗೆ ಬ್ಯಾಡ ತಾಯಿ! ಅದು ಮಳೆ ಚೊಂಬು." ಆಮೇಲೆ ಪಂಚೆ ಸರಿಮಾಡಿಕೊಂಡು, ಎಲ್ಲರನ್ನೂ ನೋಡಿ, "ಇಲ್ಲಿ ಆಫೀಸರ್ ಯಾರಪ್ಪ? ನಾನು ಅಳತೆ ತಂದೀನಿ" ಅಂದ.

ಎಲ್ಲರೂ ನಿನ್ನ ಕಡೆ ತಿರುಗಿದರು. ಕುರಿಗಳು ಮಾತ್ರ ಕಡಲೆಕಾಯಿ ಸಿಪ್ಪೆ ಅಗಿಯುತ್ತಿದ್ದವು.

ಸಿದ್ದ, ಆಗ "ನಾನೇ ಆಫೀಸರ್" ಅನ್ನುವುದು ನಿನಗೆ ಸುಲಭವಿತ್ತು. ಆಟವೇ ಅದು. ಹತ್ತೊಂಬತ್ತು ಜನರಲ್ಲಿ ಒಬ್ಬನೂ ಅಲ್ಲ ಅನ್ನುತ್ತಿರಲಿಲ್ಲ. ಅಪ್ಪ ಸಂತೋಷವಾಗಿ ಮನೆಗೆ ಬರುತ್ತಿದ್ದ. ನೀನು ಹಾಗೇ ಅನ್ನುತ್ತೀಯ ಅಂತ ನಾನು ಮುಷ್ಟಿ ಬಿಗಿ ಮಾಡಿ ನಿಂತಿದ್ದೆ. ನೀನು ನೆಲದ ಮೇಲೆ ಕೂತೆ. ಮುಖ ಗೋಣಿಚೀಲಕ್ಕಿಂತ ಬಣ್ಣಗೆಟ್ಟಿತ್ತು.

"ಮಾವ, ಆಫೀಸೂ ಇಲ್ಲ, ಆಫೀಸರ್ರೂ ಇಲ್ಲ. ಆ ಕಾಗದ ನಾನೇ ಬರ್ದಿದ್ದು. ತಮಾಷೆಗೆ" ಅಂದೆ. ಹುಟ್ಟಿದಾಗಿನಿಂದ ಮೊದಲ ಸಲ ಒಂದು ವಾಕ್ಯವನ್ನು ಅಲಂಕಾರ ಇಲ್ಲದೆ ಮುಗಿಸಿದೆ.

ಅಪ್ಪ ಎಷ್ಟೋ ಹೊತ್ತು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹಂಗಾದ್ರೆ ಆಫೀಸು ಸುಳ್ಳು."

"ಹೂಂ ಮಾವ."

"ಮಳೆ ಸುಳ್ಳಾ?"

ಅಪ್ಪ ಕೋಲನ್ನು ನಿನ್ನ ಮುಖದ ಮುಂದೆ ಹಿಡಿದ.

"ಕಾಗದ ಸುಳ್ಳಿರಬೋದು. ಬಿದ್ದ ಮಳೆ ಬಿದ್ದೈತೆ. ನಾನು ಬೆರಳು ಹಾಕಿ ನೋಡೀನಿ." ಹಾಗಂದವನು ಬಗ್ಗಿ ನಿನ್ನ ತಲೆಗೆ ಒಂದು ಮೊಟಕಿದ. ಆ ಸದ್ದಿಗೆ ಟಗರು ತಲೆ ಎತ್ತಿತು. "ಇದು ನನ್ ಹುಡುಗನ ಹೆಸರು ಕೆಡಿಸಿದ್ದಕ್ಕೆ. ಈಗ ಏಳು. ಯಾರಾದ್ರೂ ಬರ್ಕಳ್ರಿ, ಹೇಳ್ತೀನಿ."

ಆಮೇಲೆ ಆದದ್ದು ನಿನಗೆ ಗೊತ್ತು. ಅಪ್ಪ ಒಂಟಿ ಬಂಡೆಗೆ ಒರಗಿ ಕೂತ, ಚೊಂಬು ಬಂಡೆಯ ಮೇಲೆ ಕೂತಿತು. ಮೂವತ್ತೇಳು ಗೀಟನ್ನೂ ಒಂದೊಂದಾಗಿ ಮುಟ್ಟಿ, ಯಾವ ಮಳೆ, ಎಷ್ಟು ಬೆರಳು, ಆವತ್ತು ಯಾವ ಕುರಿ ಮರಿ ಹಾಕಿತು ಅಂತ ಹೇಳಿದ. ಮೇಡಂ ಬರೆದುಕೊಂಡರು. "ಅಜ್ಜ, ಚೊಂಬಿನ ಬಾಯಿ ಕಿರಿದು, ಅಳತೆ ಸರಿ ಬರೋದಿಲ್ಲ" ಅಂದರೆ, "ನಮ್ ಕಡೆ ಮಳೆನೂ ಕಿರಿದೇ ತಾಯಿ, ಸರಿಹೋಗ್ತದೆ" ಅಂದ. ಎಲ್ಲ ಮುಗಿದ ಮೇಲೆ, ಈ ಪ್ರಳಯ ಅಂದರೇನು, ಯಾವಾಗ ಆಯಿತು ಅಂತ ಕೇಳಿದ. ನೀನು ವಿವರಿಸಿದೆ: ಕರೆಂಟಿಲ್ಲ, ಫೋನಿಲ್ಲ, ಅಂಗಡಿಯಿಲ್ಲ, ಬಯಲಲ್ಲಿ ಮಲಗಬೇಕು, ಸಿಕ್ಕಿದ್ದು ತಿನ್ನಬೇಕು.

"ಇಷ್ಟೇನಾ?" ಅಂದ ಅಪ್ಪ. "ದೀಪಾವಳಿ ದಿನ ಆತಾ? ನಾವು ಆವತ್ತು ಗುಡ್ಡದ ಹಿಂದೆ ಕುರಿ ಜತೆ ಇದ್ವಿ. ನಮಗೆ ಯಾರೂ ಹೇಳ್ಲೇ ಇಲ್ಲ."

ಹಾಲು ಹಿಂಡಿದ್ದು ಕೊನೆಗೆ ನಿಮ್ಮವ್ವ ಮಂಜುಳಮ್ಮ ಬಜ್ಜಿ ಕಳಿಸಿದ್ದ ಡಬ್ಬಿಯಲ್ಲಿ. ಖಾರದ ಹಾಲು ನಾನು ಜನ್ಮದಲ್ಲಿ ಕುಡಿದಿರಲಿಲ್ಲ.

ಬಜ್ಜಿ ತಿನ್ನುತ್ತಾ ಅಮರೇಶ ಎಲ್ಲಾ ಬಾಯಿಬಿಟ್ಟ. ಜನವರಿ ಐದರವರೆಗೆ ಸಂಘದಲ್ಲಿ ಇದ್ದದ್ದು ನೀನೊಬ್ಬನೇ. ಪ್ರಧಾನ ಕಾರ್ಯದರ್ಶಿಯೂ ನೀನೇ, ಸದಸ್ಯರೂ ನೀನೇ, ಚಹಾದ ಬಗ್ಗೆ ಎರಡೂವರೆ ಗಂಟೆ ಜಗಳ ಆಡಿದವನೂ ನೀನೇ. ನನ್ನ ಕಾಗದ ಓದಿದ ಮೇಲೆ ಒಂದು ತಿಂಗಳು ಮನೆಮನೆ ತಿರುಗಿ ಜನ ಕೂಡಿಸಿದೆಯಂತೆ. ಯುಗಾದಿಯವರೆಗೆ ದಿನಾ ಐದು ಗಂಟೆಗೆದ್ದು ಮಿಲ್ಲು ತೆಗೆಯುತ್ತೇನೆ ಅಂತ ಆಣೆ ಮಾಡಿದ ಮೇಲೆಯೇ ನಿಮ್ಮಪ್ಪ ಬನಿಯನ್ನು ಹರಿಯಲು ಒಪ್ಪಿದರಂತೆ. ನನಗೆ ಕ್ಷಮೆ ಕೇಳಲು ಇಷ್ಟು ದೂರ ಸುತ್ತಿ ಬಂದೆಯಲ್ಲೋ ಪುಣ್ಯಾತ್ಮ. ನೇರ ದಾರಿಯಲ್ಲಿ ಬಸ್ಸಿತ್ತು.

ಊರಿಗೆ ಬಂದ ಮೇಲೆ ಟೀ ಅಂಗಡಿಯಲ್ಲಿ ಯಾವನೋ ನನ್ನನ್ನು "ಚೊಂಬು ಸಾಹೇಬ" ಅಂದ. ಅಪ್ಪ ಲೋಟ ಕೆಳಗಿಟ್ಟು, "ಚೊಂಬು ನಂದು ಕಣ್ರಲೇ. ಸಾಹೇಬನೂ ನಾನೇ. ಅವನಿಗ್ಯಾಕೆ ಅಂತೀರಾ?" ಅಂದ. ಈಗ ಎಲ್ಲರೂ ಅವನನ್ನೇ ಹಾಗೆ ಕರೆಯುತ್ತಾರೆ. ಕರೆದಾಗಲೆಲ್ಲ ಮೀಸೆ ತಿರುವುತ್ತಾನೆ.

ಫೋನಿನಲ್ಲಿ ನಿನ್ನ ನಂಬರಿಗೆ ಹಾಕಿದ್ದ ತಡೆ ತೆಗೆದಿದ್ದೇನೆ. ಆದರೆ ಮಾಡಬೇಡ. ಕಾಗದವೇ ಬರಲಿ. ಸ್ವಪ್ನ ಓದುವಾಗ ಅಜ್ಜಿ ಊಟ ಸರಿಯಾಗಿ ಮಾಡುತ್ತಾಳೆ.

ನಿನ್ನ,
ಮಹಾಂತೇಶ


ಚಳ್ಳಕೆರೆ
3 ಮಾರ್ಚ್ 2025

ಶ್ರೀ ಶ್ರೀ ಶ್ರೀ ಶ್ರೀ (ಜನವರಿಯಲ್ಲಿ ಬಿಟ್ಟುಹೋದದ್ದನ್ನೂ ಸೇರಿಸಿದೆ) ಮಹಾಂತೇಶ ಮಹಾಪ್ರಭುಗಳಿಗೆ, ಬೆಳಗಿನ ಐದು ಗಂಟೆಯ ಆಕಳಿಕೆಗಳೊಂದಿಗೆ,

ಪ್ರಳಯೋತ್ತರ ಉಳಿದವರ ಸಂಘವು ತನ್ನ ಮೊಟ್ಟಮೊದಲ ನಿಜವಾದ ಸಭೆಯಲ್ಲಿ ತಮ್ಮ ತೀರ್ಥರೂಪರಾದ ಶ್ರೀಮಾನ್ ದೊಡ್ಡೀರಪ್ಪನವರನ್ನು ಮಾನವಕುಲದ ಮಳೆಮಾಪನ ಅಧಿಕಾರಿಗಳನ್ನಾಗಿ ಆರಿಸಿದೆ. ಸಹಾಯಕರನ್ನಾಗಿ ಅಲ್ಲ, ಅಧಿಕಾರಿಗಳನ್ನಾಗಿ. ಆಜ್ಞಾಪತ್ರ ಇದರೊಂದಿಗಿದೆ. ಮೊಹರಿಲ್ಲ. ಇಪ್ಪತ್ಮೂರು ಜನರ ಸಹಿ ಇದೆ, ಎಣಿಸಿಕೊಳ್ಳಲು ಸ್ವಪ್ನಳಿಗೆ ಹೇಳು. ಇಪ್ಪತ್ತನೆಯದು ಪಾತಣ್ಣನದು. ಟಗರನ್ನೂ ಸೇರಿಸಿಕೊಳ್ಳಬೇಕೆಂದು ಹಟ ಹಿಡಿದಿದ್ದಾನೆ. ಐಶ್ವರ್ಯ ಮೇಡಂ ಮೂವತ್ತೇಳು ಗೀಟುಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿದ್ದಾರೆ. ಕೆಳಗೆ ಅಧಿಕಾರಿಗಳ ಹೆಸರಿದೆ.

ಅಮ್ಮ ಡಬ್ಬಿ ತಿಕ್ಕಿ ತಿಕ್ಕಿ ಸೋತಿದ್ದಾಳೆ. ಆಡಿನ ಹಾಲಿನ ವಾಸನೆ ಹೋಗಿಲ್ಲ.

ಇನ್ನೊಂದು ಸಣ್ಣ ವಿಷಯ. ಇದನ್ನು ಜೋರಾಗಿ ಓದಬೇಡ, ಸ್ವಪ್ನಳ ಕೈಗೂ ಕೊಡಬೇಡ.

ಕ್ಷಮೆ ಕೇಳಲು ಇಷ್ಟು ದೂರ ಸುತ್ತಿ ಬಂದೆ ಎಂದು ಬರೆದಿದ್ದೀಯ. ಆ ಸಾಲನ್ನು ನಾಲ್ಕು ಸಲ ಓದಿದೆ. ತುಂಬಾ ಚೆನ್ನಾಗಿದೆ. ಆದರೆ ನಿಜವಲ್ಲ. ನವೆಂಬರಿನಲ್ಲಿ ಆ ಮೊದಲ ಕಾಗದ ಬರೆದಾಗ ಕ್ಷಮೆಯ ಯೋಚನೆಯೇ ನನಗಿರಲಿಲ್ಲ. ನಲವತ್ತೊಂದು ಜನ ಇದ್ದಾರೆಂದು ನೀನು ಹರಕು ಬಟ್ಟೆ ತೊಟ್ಟು ಖಾಲಿ ಕಾವಲಿಗೆ ಬರಬೇಕು, ನಾನು ಒಂಟಿ ಬಂಡೆಯ ಹಿಂದೆ ಅಡಗಿ ಕೂತು ನಗಬೇಕು, ಆಮೇಲೆ ನೀನು ಅಟ್ಟಿಸಿಕೊಂಡು ಬಂದು ಒದೆಯಬೇಕು ಎಂದಷ್ಟೇ ಇತ್ತು. ನಿನ್ನನ್ನು ಕರೆಯಲು ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ದೀಪಾವಳಿ ಮುಗಿದ ಮಾರನೇ ದಿನವೇ ಹೋಗಿ, ಬಂಡೆಯ ಹಿಂದೆ ಕೂತು, ದಾರಿ ಕಾಣುತ್ತದೆಯೇ ಎಂದು ನೋಡಿಯೂ ಬಂದಿದ್ದೆ. ನಿಮ್ಮಪ್ಪ ಚೊಂಬು ಇಟ್ಟರಲ್ಲ, ಅದೇ ಬಂಡೆ.

ದಾರಿ ಚೆನ್ನಾಗಿ ಕಾಣುತ್ತದೆ. ಈ ಒಂಬತ್ತಕ್ಕೆ ನಾಲ್ಕು ಜನ ಹೊಸಬರು ಬರುತ್ತಾರೆ, ಕೂಟ ಎಲ್ಲಿ ಎಂದು ಅವರಿಗಿನ್ನೂ ಸರಿಯಾಗಿ ಹೇಳಿಲ್ಲ.

ಬಂಡೆಯ ಹಿಂದೆ ಇಬ್ಬರಿಗೆ ಜಾಗ ಐತೆ.

ಸಿದ್ದ